ಕುಂಟು ಕರಡಿ

ಕಾಡಿನ ಬಿಡಾರ
ಜೂನ್ 3, 2007

ಯಾಪಿ,

ಈ ಕಾಗದವನ್ನು ಹರ್ಕಾ ಮಾಮ ತರುತ್ತಾನೆ. ಹತ್ತು ದಿನಕ್ಕೊಮ್ಮೆ ಅಕ್ಕಿ, ಉಪ್ಪು, ಹಾಲಿನ ಪುಡಿ ಹೊತ್ತು ಹೊಳೆ ದಾಟಿ ಇಲ್ಲಿಗೆ ಬರುವವನು ಅವನೊಬ್ಬನೇ. ಅವನಿಗೆ ಒಂದು ಲೋಟ ಅಕ್ಕಿ ಮದ್ಯ ಕೊಡು. ಎರಡನೆಯದು ಕೊಡಬೇಡ, ನಿನ್ನ ಉತ್ತರ ಹೊಳೆ ಪಾಲಾದೀತು.

ನಾನು ಚೆನ್ನಾಗಿದ್ದೇನೆ, ಕರಡಿ ಮರಿಗಳೂ ಚೆನ್ನಾಗಿವೆ. ಫೆಬ್ರವರಿಯಲ್ಲಿ ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದಾಗ ಎರಡೂ ನಿನ್ನ ಬಿದಿರಿನ ಬುಟ್ಟಿಯೊಂದರಲ್ಲೇ ಹಿಡಿದಿದ್ದವು. ಈಗ ತಾಕೊ ಹಿಂಗಾಲಿನ ಮೇಲೆ ನಿಂತರೆ ನನ್ನ ತೊಡೆಗೆ ಬರುತ್ತಾನೆ. ಮಿಮಿ ಅವನಿಗಿಂತ ಸಣ್ಣವಳು, ಆದರೆ ಮರ ಹತ್ತುವುದರಲ್ಲಿ ಅವಳೇ ಮುಂದು. ಬೆಳಗಾದರೆ ಗೂಡಿನ ಬಾಗಿಲು ತೆಗೆದು ಕಾಡಿಗೆ ಕರೆದುಕೊಂಡು ಹೋಗುತ್ತೇನೆ, ಸಂಜೆ ಮರಳಿ ಕೂಡಿಹಾಕುತ್ತೇನೆ. ಕೊಳೆತ ಮರ ಸೀಳಿ ಇರುವೆ ಮೊಟ್ಟೆ ತಿನ್ನುವುದನ್ನು ಅವೇ ಕಲಿತಿವೆ. ಹೊಟ್ಟೆ ತುಂಬಿದ ಮೇಲೆ ತಾಕೊ ನನ್ನ ಹೆಬ್ಬೆರಳು ಚೀಪುತ್ತಾನೆ. ಚೀಪುವಾಗ ಹೊಟ್ಟೆಯೊಳಗೆ ಜೇನುಗೂಡಿದ್ದ ಹಾಗೆ ಗುಂಯ್ ಎನ್ನುತ್ತಾನೆ.

ಮರಿಗಳನ್ನು ನನಗೆ ಒಪ್ಪಿಸಿದ ಪ್ರಾಣಿವೈದ್ಯೆ ಫುಕನ್ ಡಾಕ್ಟರಮ್ಮ ಹೋಗುವಾಗ ಹೇಳಿದರು: "ತಾಮುಕ್, ನೀನು ಕಲಿಸೋದೇನಿಲ್ಲ. ಅವು ತಾವಾಗಿ ಕಲಿಯೋ ತನಕ ಜೊತೆಗಿರು, ಅಷ್ಟೆ." ಚಳಿಗಾಲಕ್ಕೆ ಅವು ನನ್ನನ್ನು ಬಿಟ್ಟು ಹೋದರೆ ನನ್ನ ಕೆಲಸ ಮುಗಿದ ಹಾಗೆ.

ಜೊತೆಗಾರ ತಾಯೆಂಗ್ ಗೊರಕೆ ಹೊಡೆಯುತ್ತಾನೆ. ಆ ಸದ್ದಿಗೆ ಹುಲಿಯೂ ಹತ್ತಿರ ಬರಲಾರದು, ಹೆದರಬೇಡ.

ಯಾನುಗೆ ಮುತ್ತು.

ತಾಮುಕ್

—

ಲಾಂಗ್ಕಾ
ಜೂನ್ 14

ತಾಮುಕ್,

ಹರ್ಕಾ ಮಾಮನಿಗೆ ಎರಡು ಲೋಟ ಕೊಟ್ಟೆ. ಪಾಪ, ಮಂಡಿ ಊದಿಕೊಂಡಿದೆ.

ನೀರಿನ ಕೊಳವೆಯ ಹತ್ತಿರ ನಿನ್ನದೇ ಮಾತು. "ಏನೇ ಯಾಪಿ, ನಿನ್ನ ಗಂಡನ ಬಾಣಂತನ ಕಾಡಲ್ಲೇ ಆಯ್ತಂತೆ?" ಎಂದು ಮೇಲುಮನೆಯವಳು ಕೇಳಿದಳು. "ಹೂಂ ಕಣೇ, ಅವಳಿ. ನಿನ್ನ ಗಂಡನ ಕೈಲಿ ಒಂದು ಕೋಳಿ ಮರಿನಾದ್ರೂ ಸಾಕೋಕಾಗುತ್ತಾ ಕೇಳು" ಎಂದೆ. ಎಲ್ಲರೂ ನಕ್ಕರು. ಹೆಮ್ಮೆಯಿಂದಲೇ ಹೇಳಿದೆ ಅನ್ನು. ನೀನು ಬಂದೂಕು ಗೋಡೆಗೆ ತೂಗಿಹಾಕಿ ನಾಲ್ಕು ತಿಂಗಳಾಯಿತು. ನಮ್ಮಪ್ಪ ಬದುಕಿದ್ದರೆ ನಂಬುತ್ತಿರಲಿಲ್ಲ.

ಯಾನು ಬೆಳಗ್ಗೆ ಎದ್ದವಳೇ, "ಅಪ್ಪಂಗೆ ನಾನು ಇನ್ನೂ ನೆನಪಿದೀನಾ?" ಎಂದಳು. ಮರಿಗಳಿಗೆ ಹೆಸರಿಟ್ಟವಳು ತಾನೇ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಇನ್ನೊಂದು ವಿಷಯ. ಫಾರೆಸ್ಟ್ ಗಾರ್ಡ್ ಬಂದಿದ್ದ. ಬಂದೂಕಿರುವ ಮನೆಗಳಿಗೆಲ್ಲ ಹೋಗಿ, "ಆ ಮರಿಗಳ ತಾಯಿ ಏನಾಯ್ತು?" ಎಂದು ಕೇಳಿದ. ಮರದ ಪೊಟರೆಯಲ್ಲಿ ಮರಿಗಳು ಅಳುತ್ತಿದ್ದವು, ತಾಯಿ ಎಲ್ಲೂ ಇರಲಿಲ್ಲ ಎಂದು ನೀನು ನನಗೆ ಹೇಳಿದ್ದನ್ನೇ ನಾನೂ ಹೇಳಿದೆ. ಅಷ್ಟೇ ಅಲ್ಲವೇ? ಇನ್ನೇನಾದರೂ ಇದ್ದರೆ ಬರೆ. ನಾನು ಯಾರಿಗೂ ಹೇಳುವವಳಲ್ಲ.

ಯಾಪಿ

—

ಕಾಡಿನ ಬಿಡಾರ
ಜೂನ್ 27

ಯಾಪಿ,

ತಾಯೆಂಗ್‌ಗೆ ಮಲೇರಿಯ. ನಡುಗುತ್ತಿದ್ದವನನ್ನು ಹರ್ಕಾ ಮಾಮನ ಜೊತೆ ಕೆಳಗೆ ಕಳಿಸುತ್ತಿದ್ದೇನೆ. ಬೇರೊಬ್ಬರು ಬರುವವರೆಗೆ ನಾನೊಬ್ಬನೇ.

ಎಂಟು ದಿನದಿಂದ ಒಂದು ದೊಡ್ಡ ಕರಡಿ ಬಿಡಾರವನ್ನು ಸುತ್ತುತ್ತಿದೆ. ಇನ್ನೂ ಕಣ್ಣಿಗೆ ಬಿದ್ದಿಲ್ಲ. ಮೊದಲ ದಿನ ನೀರಿನ ದಾರಿಯಲ್ಲಿ ಹೆಜ್ಜೆ ಕಂಡಿತು. ಮೂರನೇ ದಿನ ಗೂಡಿನಿಂದ ಇಪ್ಪತ್ತು ಮಾರು ದೂರದ ಮರದ ತೊಗಟೆ ನನ್ನ ತಲೆಗಿಂತ ಮೇಲಕ್ಕೆ ಸೀಳಿಹೋಗಿತ್ತು. ನಿನ್ನೆ ಬೆಳಗ್ಗೆ ನೋಡಿದರೆ ಗೂಡಿನ ಬಾಗಿಲ ದಿಮ್ಮಿಯ ಮೇಲೆಯೇ ಉಗುರಿನ ಗೆರೆಗಳಿದ್ದವು. ನಾನು ಆರು ಅಡಿ ಮೇಲೆ, ಅಟ್ಟಣಿಗೆಯಲ್ಲಿ ಮಲಗಿದ್ದೆ. ಏನೂ ಕೇಳಿಸಲಿಲ್ಲ.

ಮರಿಗಳು ಒಳಗಿನ ಮೂಲೆಯಲ್ಲಿ ಒಂದರ ಮೇಲೊಂದು ಒರಗಿ ಕೂತಿದ್ದವು. ಹಾಲು ಮುಟ್ಟಲಿಲ್ಲ.

ಬೇರೆ ಚಿಂತೆ ಇಲ್ಲ. ಯಾನುಗೆ ಹೇಳು, ನೆನಪಿದ್ದಾಳೆ ಎಂದು.

ತಾಮುಕ್

—

ಲಾಂಗ್ಕಾ
ಜುಲೈ 9

ತಾಮುಕ್,

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆದಿಲ್ಲ. ಇರಲಿ.

ಬಾಗಿಲಿಗೆ ಬಂದು ಉಗುರು ಹಾಕಿದ ಮೇಲೂ "ಬೇರೆ ಚಿಂತೆ ಇಲ್ಲ" ಎಂದು ಬರೆಯುತ್ತೀಯಲ್ಲ, ನನ್ನನ್ನು ಏನೆಂದುಕೊಂಡಿದ್ದೀಯ? ಆ ಕಾಗದ ಬಂದಾಗಿನಿಂದ ಒಲೆಯ ಮುಂದೆ ಕೂತರೂ ಬೆನ್ನಿಗೆ ಏನೋ ಉಸಿರು ಬಿಟ್ಟ ಹಾಗಾಗುತ್ತದೆ. ಪುರೋಹಿತನನ್ನು ಕರೆಸಿ ಕೋಳಿ ಕೊಯ್ಯಿಸಿ ಅದರ ಈಲಿಯಲ್ಲಿ ಶಕುನ ನೋಡಿಸಿದೆ. ಅವನು ಬಹಳ ಹೊತ್ತು ನೋಡಿ, "ಇನ್ನೊಂದು ಕೋಳಿ ತಗೊಂಬಾ" ಎಂದ. ಎರಡನೆಯದನ್ನು ನೋಡಿ ಎದ್ದುಹೋದ.

ತಾರಿಂಗ್ ಅಣ್ಣನಿಗೆ ಹೇಳಿದ್ದೇನೆ. "ಭಾವ ಒಬ್ನೇ ಅಲ್ಲಿ ಏನ್ ಮಾಡ್ತಾನೆ, ಕೈಲೊಂದು ಕತ್ತಿ ಬಿಟ್ರೆ ಏನಿದೆ? ನಾನ್ ಬಂದೂಕು ತಗೊಂಡು ಹೋಗಿ ಎರಡು ದಿನದಲ್ಲಿ ಮುಗಿಸ್ತೀನಿ" ಎಂದ. ನೀನು ಹೂಂ ಎನ್ನು, ಹರ್ಕಾ ಮಾಮನ ಜೊತೆಯಲ್ಲೇ ಕಳಿಸುತ್ತೇನೆ. ಡಾಕ್ಟರಮ್ಮನಿಗೂ ಹೇಳಿ ಕಳಿಸು.

ಯಾಪಿ

—

ಕಾಡಿನ ಬಿಡಾರ
ಜುಲೈ 20

ಯಾಪಿ,

ತಾರಿಂಗ್ ಬರಕೂಡದು. ಬಂದೂಕು ಈ ಹೊಳೆ ದಾಟಕೂಡದು. ದಾಟಿದರೆ ನಾನು ಮತ್ತೆ ನಿನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಯಾಕೆ ಎಂದು ಕೇಳಬೇಡ.

ಅದನ್ನು ನೋಡಿದೆ. ಬೆಳಗ್ಗೆ ಮರಿಗಳು ಅತ್ತಿಮರದ ಮೇಲಿದ್ದವು, ನಾನು ಬುಡದಲ್ಲಿ ಕೂತಿದ್ದೆ. ತಾಕೊ ಇದ್ದಕ್ಕಿದ್ದಂತೆ ಹಲ್ಲು ಕಟಕಟ ಎನ್ನಿಸಿದ. ತಲೆಯೆತ್ತಿದರೆ ಜರೀಗಿಡಗಳ ನಡುವೆ ಕಪ್ಪಗೆ ಏನೋ ನಿಂತಿತ್ತು. ನಾನು ಅದನ್ನು ಮರದ ಬೊಡ್ಡೆ ಎಂದುಕೊಂಡಿದ್ದೆ. ಎಷ್ಟು ಹೊತ್ತಿನಿಂದ ಅಲ್ಲಿತ್ತೋ! ಆಮೇಲೆ ಅದು ಹಿಂದೆ ತಿರುಗಿ ನಡೆಯಿತು. ಬಲ ಮುಂಗಾಲು ನೆಲಕ್ಕೆ ಊರುತ್ತಿರಲಿಲ್ಲ. ಕುಂಟುತ್ತಿತ್ತು.

ಮರಿಗಳು ಸಂಜೆಯವರೆಗೂ ಇಳಿಯಲಿಲ್ಲ.

ಅದು ನಮಗೇನೂ ಮಾಡುವುದಿಲ್ಲ ಎಂದು ನನಗೆ ಅನ್ನಿಸುತ್ತಿದೆ. ಡಾಕ್ಟರಮ್ಮನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ.

ಹೊಳೆ ಏರುತ್ತಿದೆ. ಹರ್ಕಾ ಮಾಮ ಸೊಂಟದವರೆಗೆ ನೆನೆದು ಬಂದ. ಮುಂದಿನ ಸಲ ಬರುವುದು ತಡವಾಗಬಹುದು.

ತಾಮುಕ್

—

ಲಾಂಗ್ಕಾ
ಆಗಸ್ಟ್ 4

ತಾಮುಕ್,

ಹರ್ಕಾ ಮಾಮ ಹೊಳೆಯ ದಡದಿಂದ ಎರಡು ಸಲ ಹಿಂದಕ್ಕೆ ಬಂದ. "ಹೊಳೆಯಲ್ಲ ಮಗಳೇ ಅದು, ಬೆಟ್ಟನೇ ಕರಗಿ ಹರೀತಿದೆ" ಎನ್ನುತ್ತಾನೆ. ನಿನ್ನ ಅಕ್ಕಿ ಅವನ ಮನೆಯಲ್ಲಿ ಮುಗ್ಗು ಹಿಡಿಯುತ್ತಿದೆ. ನೀನು ಏನು ತಿನ್ನುತ್ತಿದ್ದೀಯ?

ಅಣ್ಣನನ್ನು ಕಳಿಸಿಲ್ಲ. ನಿನ್ನ ಮಾತಿಗೆ ಹೆದರಿ ಕಳಿಸಲಿಲ್ಲ. ಈಗ ಕಳಿಸದಿದ್ದುದಕ್ಕೂ ಹೆದರುತ್ತಿದ್ದೇನೆ. ಕಚ್ಚಲು ಬಂದ ಮೃಗದ ಮೇಲೆ ನಿನಗೆ ಯಾಕಿಷ್ಟು ಕರುಣೆ, ನನ್ನ ಮೇಲೆ ಯಾಕಿಷ್ಟು ಸಿಟ್ಟು, ಒಂದೂ ತಿಳಿಯುತ್ತಿಲ್ಲ.

ಒಂದು ಸಾಲು ಬರೆ. ಬದುಕಿದ್ದೇನೆ ಎಂದಷ್ಟೇ ಬರೆ.

ಯಾಪಿ

—

ಕಾಡಿನ ಬಿಡಾರ
ಆಗಸ್ಟ್ 13

ಯಾಪಿ,

ಬದುಕಿದ್ದೇನೆ. ಹರ್ಕಾ ಮಾಮ ಹಗ್ಗ ಕಟ್ಟಿ ಇವತ್ತು ದಾಟಿದ. ಹೊಳೆ ಮತ್ತೆ ಏರುವ ಮೊದಲೇ ಹೋಗಬೇಕು ಎಂದು ಆತುರ ಮಾಡುತ್ತಿದ್ದಾನೆ. ನಿನ್ನ ಕಾಗದ ಓದಿದ ಮೇಲೆ ಇನ್ನು ಮುಚ್ಚಿಡಲಾರೆ.

ಮರಿಗಳನ್ನು ನಾನು ಪೊಟರೆಯಲ್ಲಿ ಕಂಡಿದ್ದು ನಿಜ. ತಾಯಿ ಇರಲಿಲ್ಲ ಎಂದದ್ದು ಸುಳ್ಳು. ಅವತ್ತು ಕಾಡುಹಂದಿಗೆ ಎಂದು ಹೋಗಿದ್ದೆ. ಬಂಡೆಯ ಸಂದಿಯಿಂದ ಅವಳು ನನ್ನ ಮೇಲೆ ನುಗ್ಗಿ ಬಂದಳು. ಗುರಿ ಹಿಡಿದು ಹೊಡೆದದ್ದಲ್ಲ ಯಾಪಿ, ಹೆದರಿ ಹೊಡೆದೆ. ಗುಂಡು ಬಲ ಭುಜಕ್ಕೆ ಬಿತ್ತು. ಕೂಗುತ್ತ ಕೊರಕಲಿಗೆ ಉರುಳಿದಳು. ಕೆಳಗೆ ಇಳಿದು ನೋಡುವ ಧೈರ್ಯ ಬರಲಿಲ್ಲ. ಹಿಂದಿನಿಂದ ಗುಂಯ್ ಎಂಬ ಸದ್ದು ಕೇಳಿತು. ಪೊಟರೆಯೊಳಗೆ ಕೈ ಹಾಕಿದೆ. ಇನ್ನೂ ಬಿಸಿಯಾಗಿತ್ತು.

ಡಾಕ್ಟರಮ್ಮನಿಗೂ ಸುಳ್ಳು ಹೇಳಿದೆ. ಅವರು "ನಿನ್ನ ವಾಸನೆ ಇವಕ್ಕೆ ಒಗ್ಗಿದೆ, ನೀನೇ ಸಾಕು" ಎಂದಾಗ ನನಗೆ ಅದು ಕೆಲಸದ ಹಾಗೆ ಕಾಣಲಿಲ್ಲ. ಯಾರೋ ನನಗೆ ಇನ್ನೊಂದು ಅವಕಾಶ ಕೊಟ್ಟ ಹಾಗೆ ಕಂಡಿತು.

ಬಲ ಮುಂಗಾಲು ಕುಂಟುವ ಕರಡಿ ಈ ಬಿಡಾರವನ್ನು ಎರಡು ತಿಂಗಳಿಂದ ಯಾಕೆ ಸುತ್ತುತ್ತಿದೆ ಎಂದು ಈಗ ನಿನಗೆ ಅರ್ಥವಾಗಿರಬೇಕು. ಅವಳು ಸತ್ತಿಲ್ಲ. ಮಕ್ಕಳನ್ನು ಹುಡುಕಿಕೊಂಡು ಬಂದಿದ್ದಾಳೆ. ನನ್ನನ್ನೂ ಹುಡುಕಿಕೊಂಡು ಬಂದಿದ್ದಾಳೋ ಏನೋ. ಅವಳ ಮೇಲೆ ಇನ್ನೊಂದು ಗುಂಡು ಬೀಳಲು ನಾನು ಬಿಡುವುದಿಲ್ಲ.

ಭಯ ಆಗುತ್ತಿದೆ. ದಿನಾ ಆಗುತ್ತದೆ. ಇಬ್ಬನಿ ಮುಸುಕಿದ ಬೆಳಗಿನಲ್ಲಿ ಅವಳ ವಾಸನೆ ಮೊದಲು ಬರುತ್ತದೆ, ಕೊಳೆತ ಮಾಂಸದಂಥ ವಾಸನೆ. ಗಾಯ ಇನ್ನೂ ಮಾಗಿಲ್ಲ.

ತಾಮುಕ್

—

ಲಾಂಗ್ಕಾ
ಆಗಸ್ಟ್ 19

ತಾಮುಕ್,

ಅವಳು ಸತ್ತಿದ್ದಾಳೆ. ಮೊದಲು ಇದನ್ನು ಓದಿಕೋ, ಆಮೇಲೆ ಉಳಿದದ್ದು. ಆ ತಾಯಿ ಕರಡಿ ಸತ್ತಿದ್ದಾಳೆ. ನಿನ್ನನ್ನು ಸುತ್ತುತ್ತಿರುವುದು ಅವಳಲ್ಲ.

ನೀನು ಮರಿಗಳನ್ನು ತಂದ ಮೂರನೇ ದಿನ ತಾರಿಂಗ್ ಅಣ್ಣ ಕೊರಕಲಿನಲ್ಲಿ ಹೆಣ ಕಂಡ. ಚರ್ಮ ಸುಲಿದ, ಪಿತ್ತಕೋಶ ತೆಗೆದು ಮಾರಿಕೊಂಡ. ಭುಜದೊಳಗಿದ್ದ ಸೀಸದ ಗುಂಡನ್ನು ತಂದು ನನ್ನ ಅಂಗೈಗೆ ಹಾಕಿ, "ಇದು ಯಾರ ಕೈ ಕೆಲ್ಸ ಅಂತ ನಿಂಗೆ ಗೊತ್ತಲ್ವೇನೇ?" ಎಂದ. ನಮ್ಮ ಒಲೆಯಲ್ಲಿ ಕರಗಿಸಿ ನೀನು ಎರಕ ಹೊಯ್ದ ಗುಂಡು ನನಗೆ ಗೊತ್ತಾಗದಿರುತ್ತದೆಯೇ? ಅದನ್ನು ಹೊಳೆಗೆ ಎಸೆದೆ. ಬಾಯಿ ಬಿಡಬೇಡ ಎಂದು ಅಣ್ಣನಿಂದ ಆಣೆ ಹಾಕಿಸಿಕೊಂಡೆ.

ನಿನಗೆ ಯಾಕೆ ಹೇಳಲಿಲ್ಲ? ನೀನು ಸೀಸೆ ಹಿಡಿದು ಆ ಮರಿಗಳಿಗೆ ಹಾಲು ಕುಡಿಸುತ್ತಿದ್ದೆ. ನಿನ್ನ ಮುಖ ನೋಡಿ ಸುಮ್ಮನಾದೆ. ನೀನಾಗಿ ಹೇಳಲಿ ಎಂದು ಕಾದೆ. ಜೂನ್‌ನಲ್ಲಿ ಕೇಳಿಯೂ ನೋಡಿದೆ. ಆಗಲೇ ನಾನು ನೇರವಾಗಿ ಬರೆದಿದ್ದರೆ!

ಅಣ್ಣನನ್ನು ಕೇಳಿದೆ. "ಮರಿ ಇರೋ ಕಡೆ ಸುತ್ತೋದು ಗಂಡು ಕರಡೀನೇ. ಮರೀನ ತಿನ್ನೋಕೇ ಬರೋದು" ಎಂದ. ನೀನು ಹೆಜ್ಜೆ ನೋಡಿ ಗಂಡು ಹೆಣ್ಣು ಹೇಳುವವನು ತಾಮುಕ್. ಮತ್ತೊಮ್ಮೆ ನೋಡು. ಗೂಡಿನ ಬಾಗಿಲು ತೆಗೆಯಬೇಡ.

ಹರ್ಕಾ ಮಾಮ ಜ್ವರದಲ್ಲಿ ಮಲಗಿದ್ದಾನೆ. ಹೊಳೆ ಮತ್ತೆ ಏರಿದೆ. ಅಣ್ಣನೇ ಮೇಲಿನ ಬೆತ್ತದ ಸೇತುವೆ ಸುತ್ತಿ ಈ ಕಾಗದ ತರುತ್ತಾನೆ. ನಾಲ್ಕು ದಿನದ ದಾರಿ. ಬಂದೂಕು ಒಯ್ಯುವುದಿಲ್ಲ, ನಾನೇ ಕಿತ್ತಿಟ್ಟುಕೊಂಡಿದ್ದೇನೆ.

ಯಾಪಿ

—

ಕಾಡಿನ ಬಿಡಾರ
ಆಗಸ್ಟ್ 21

ಯಾಪಿ,

ಈ ಕಾಗದ ಒಯ್ಯುವವರು ಯಾರೂ ಇಲ್ಲ. ಹಾಗಿದ್ದರೂ ಬರೆದಿಡುತ್ತೇನೆ. ನನಗೇನಾದರೂ ಆದರೆ ಯಾರಾದರೂ ನಿನಗೆ ತಲುಪಿಸಲಿ.

ಇವತ್ತು ಅವಳು ಹತ್ತು ಮಾರು ದೂರಕ್ಕೆ ಬಂದಳು. ನಾನು ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅವಳು ಓಡಿಹೋಗಲಿಲ್ಲ, ನುಗ್ಗಲಿಲ್ಲ. ಮೂಗೆತ್ತಿ ಗಾಳಿ ಹಿಡಿಯುತ್ತಿದ್ದಳು. ನಾನು ಜೋರಾಗಿಯೇ ಹೇಳಿದೆ: "ತಪ್ಪಾಯ್ತು ಕಣಮ್ಮಾ. ಚೆನ್ನಾಗಿ ನೋಡ್ಕೊಂಡಿದೀನಿ. ಇಬ್ರೂ ಚೆನ್ನಾಗಿದಾರೆ." ಅವಳು ಅಲ್ಲೇ ಕೂತುಬಿಟ್ಟಳು.

ಮಕ್ಕಳನ್ನು ಕೊಟ್ಟುಬಿಡುತ್ತೇನೆ. ನಾಳೆ ಬೆಳಕು ಹರಿದ ಕೂಡಲೇ ಬಾಗಿಲು ತೆಗೆದು ದೂರ ನಿಲ್ಲುತ್ತೇನೆ. ಮಿಮಿ, ತಾಕೊ ಇಬ್ಬರೂ ಇವತ್ತು ಒಂದೇ ಸಮ ಹಲ್ಲು ಕಟಕಟಿಸುತ್ತಿದ್ದಾರೆ. ತಾಯಿಯ ವಾಸನೆ ಮರೆತಿರಬೇಕು. ನೆನಪಾಗುತ್ತದೆ.

ಬಹಳ ದಿನದ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ.

ತಾಮುಕ್

—

ಕಾಡಿನ ಬಿಡಾರ
ಆಗಸ್ಟ್ 30

ಯಾಪಿ,

ಬಲಗೈ ಕಟ್ಟಿಹಾಕಿದ್ದಾರೆ. ನಾನು ಹೇಳುತ್ತಿದ್ದೇನೆ, ತಾರಿಂಗ್ ಬರೆಯುತ್ತಿದ್ದಾನೆ. ಅಕ್ಷರ ನೋಡಿ ಗಾಬರಿಯಾಗಬೇಡ.

ನಿನ್ನ ಕಾಗದ ಇಪ್ಪತ್ತಮೂರಕ್ಕೆ ತಲುಪಿತು. ನಾನು ಬಾಗಿಲು ತೆಗೆದದ್ದು ಇಪ್ಪತ್ತೆರಡಕ್ಕೆ.

ತೆಗೆದು ಅತ್ತಿಮರದ ಹಿಂದೆ ನಿಂತೆ. ಮರಿಗಳು ಹೊರಗೆ ಬರಲಿಲ್ಲ. ಅದು ಕುಂಟುತ್ತ ಬಂತು, ನನ್ನ ಕಡೆ ನೋಡಲೂ ಇಲ್ಲ. ಬಾಗಿಲಲ್ಲಿ ತಲೆ ತಗ್ಗಿಸಿ ಒಂದು ಗಳಿಗೆ ನಿಂತಿತು. ಮೂಸಿ ನೋಡುತ್ತಿದೆ, ಗುರುತು ಹಿಡಿಯುತ್ತಿದೆ ಎಂದುಕೊಂಡೆ. ಆಮೇಲೆ ತಾಕೊ ಕೂಗಿದ. ಅವನು ಹಾಗೆ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಮಗು ಕೂಗಿದ ಹಾಗೆ ಕೂಗಿದ.

ಕತ್ತಿ ಹಿರಿದು ಓಡಿದೆ. ಒಳಗೆ ಹೋಗುವಷ್ಟರಲ್ಲಿ ತಾಕೊನ ಕತ್ತು ಅದರ ಬಾಯಲ್ಲಿತ್ತು. ಬೆನ್ನಿಗೆ ಎರಡು ಏಟು ಹಾಕಿದೆ. ಅದು ತಿರುಗಿ ನನ್ನ ಭುಜದ ಮೇಲೆ ಪಂಜ ಇಟ್ಟು ಕೆಳಗೆ ಒತ್ತಿತು. ಅದರ ಹೊಟ್ಟೆ ನನ್ನ ಮುಖದ ಮೇಲಿತ್ತು. ಗಂಡು. ಅದರ ಬಲ ಮುಂಗಾಲಿನ ಮಣಿಕಟ್ಟು ನನ್ನ ಕಣ್ಣಿನಿಂದ ಒಂದು ಗೇಣು ದೂರದಲ್ಲಿತ್ತು. ಅದರಲ್ಲಿ ತಂತಿಯ ಉರುಳು ಮಾಂಸದೊಳಗೆ ಹೂತುಹೋಗಿತ್ತು, ಸುತ್ತ ಹುಳು ಬಿದ್ದಿತ್ತು. ಗುಂಡಿನ ಗಾಯ ಎಲ್ಲೂ ಇರಲಿಲ್ಲ.

ಮಿಮಿ ನಮ್ಮಿಬ್ಬರ ಮೇಲೆ ಹಾರಿ ಹೊರಗೆ ಓಡಿದಳು. ಅದು ತಾಕೊನನ್ನು ಕಚ್ಚಿಕೊಂಡು ಹೋಯಿತು. ನನ್ನನ್ನು ಅಲ್ಲೇ ಬಿಟ್ಟಿತು.

ಒಂದು ಮಾತು ನಿನಗೆ ಹೇಳಲೇಬೇಕು. ಅಷ್ಟು ಅಗಲದ ಹೆಜ್ಜೆ ಹೆಣ್ಣಿನದ್ದಲ್ಲ ಎಂದು ಮೊದಲ ದಿನವೇ ನನ್ನ ಕಣ್ಣು ಕಂಡಿತ್ತು. ನಾನು ಕಣ್ಣಿನ ಮಾತು ಕೇಳಲಿಲ್ಲ. ಅವಳು ಬದುಕಿರಬೇಕಿತ್ತು ನನಗೆ.

ತಾರಿಂಗ್ ನನ್ನನ್ನು ಕಂಡವನೇ ಗಾಯಕ್ಕೆ ಬಟ್ಟೆ ಕಟ್ಟಿ, ಒಂದೇ ಉಸಿರಿಗೆ ಇಳಿದು ಹೋಗಿ ಡಾಕ್ಟರಮ್ಮನನ್ನು ಆನೆಯ ಮೇಲೆ ಹೊಳೆ ದಾಟಿಸಿ ಕರೆತಂದ. ಅವರು ನನ್ನ ಭುಜ ಹೊಲಿಯುತ್ತಿರುವಾಗ ಎಲ್ಲ ಹೇಳಿಬಿಟ್ಟೆ. ಗುಂಡು, ಕೊರಕಲು, ಸುಳ್ಳು, ಬಾಗಿಲು. ಸೂಜಿ ಒಮ್ಮೆ ನಿಂತಿತು, ಮತ್ತೆ ನಡೆಯಿತು. ದಾರ ಕತ್ತರಿಸಿದ ಮೇಲೆ ಕೇಳಿದರು: "ಆ ಕರಡಿ ಈಗ ಎಲ್ಲಿ?"

"ನೀರಿನ ಹತ್ರ ಬಿದ್ಕೊಂಡಿದೆ. ಎದ್ದೇಳೋಕೂ ಆಗ್ತಿಲ್ಲ. ಕೊಂದುಬಿಡಿ ಡಾಕ್ಟ್ರೇ" ಎಂದು ತಾರಿಂಗ್ ಹೇಳಿದ. (ಇದನ್ನೂ ಬರೆ ಎಂದರೆ ಮುಖ ಸಿಂಡರಿಸುತ್ತಿದ್ದಾನೆ.)

"ಮೊದ್ಲು ತಂತಿ ತೆಗೀಬೇಕು. ನಿನ್ನ ವಿಷಯ ಆಮೇಲೆ" ಎಂದು ಅವರು ನನ್ನ ಕಡೆ ತಿರುಗಿದರು. "ಕಾಲು ಹಿಡ್ಕೊಳ್ಳೋಕೆ ಒಬ್ರು ಬೇಕು. ನಿನ್ನ ಎಡಗೈ ಸಾಕು. ಆಗಲ್ಲ ಅಂದ್ರೆ ಈಗ್ಲೇ ಹೇಳು."

ಮತ್ತಿನ ಮದ್ದು ಹೊಡೆದರು. ಅದು ಮಲಗಿದ ಮೇಲೂ ನನಗೆ ಹತ್ತಿರ ಹೋಗಲು ಆಗಲಿಲ್ಲ. ಅದರ ಉಸಿರಿನಲ್ಲಿ ತಾಕೊನ ವಾಸನೆ ಇದೆ ಎನ್ನಿಸಿತು. ಡಾಕ್ಟರಮ್ಮ ಕಾದರು, ಗದರಿಸಲಿಲ್ಲ. ಕೊನೆಗೆ ಕೂತು ಆ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡೆ. ಎಷ್ಟು ಭಾರ ಗೊತ್ತಾ! ಬೆರಳುಗಳು ಬಾತುಕೊಂಡು ಬಿಸಿಯಾಗಿದ್ದವು. "ಈ ಕಾಲಲ್ಲಿ ಮರ ಹತ್ತೋಕಾಗಲ್ಲ, ಅಗೆಯೋಕಾಗಲ್ಲ. ಕೈಗೆ ಸಿಗೋದನ್ನ ತಿನ್ನುತ್ತೆ" ಎಂದಷ್ಟೇ ಅವರು ಹೇಳಿದರು. ತಂತಿಯನ್ನು ನಾಲ್ಕು ತುಂಡು ಮಾಡಿ ತೆಗೆಯಬೇಕಾಯಿತು. ಪ್ರತಿ ತುಂಡಿಗೂ ಅದು ನಿದ್ದೆಯಲ್ಲೇ ನರಳಿತು. ನಾನು ಬಿಡಲಿಲ್ಲ.

ಗುಣವಾದ ಮೇಲೆ ಅದನ್ನು ಎರಡು ಬೆಟ್ಟದ ಆಚೆಗೆ ಒಯ್ದು ಬಿಡುತ್ತಾರಂತೆ.

ಮಿಮಿ ಬದುಕಿದ್ದಾಳೆ. ಎರಡು ದಿನ ಮರದ ತುದಿಯಲ್ಲಿದ್ದಳು. ಈಗ ನಾನು ಕಂಡರೂ ಹತ್ತಿಬಿಡುತ್ತಾಳೆ. ಕಾಯಿ, ಗೆಡ್ಡೆ ಬುಡದಲ್ಲಿ ಇಟ್ಟು ದೂರ ಬರುತ್ತೇನೆ. ನಾನು ಹೋದ ಮೇಲೆ ಇಳಿಯುತ್ತಾಳೆ. ಇದೇ ಸರಿ ಎನ್ನುತ್ತಾರೆ ಡಾಕ್ಟರಮ್ಮ. ಇರಬಹುದು. ಅವಳನ್ನು ಬಿಡುವವರೆಗೆ ನಾನು ಇಲ್ಲೇ ಇರಬಹುದಂತೆ. ಆಮೇಲೆ ಅರಣ್ಯ ಕಚೇರಿಗೆ ಹೋಗಿ ಎಲ್ಲವನ್ನೂ ನಾನೇ ಹೇಳಬೇಕು. ಹೇಳುತ್ತೇನೆ. ಜೈಲಾಗಬಹುದು.

ತಾಮುಕ್

—

ಲಾಂಗ್ಕಾ
ಸೆಪ್ಟೆಂಬರ್ 7

ತಾಮುಕ್,

ಹೊಳೆ ಇಳಿದಿದೆ. ನಾಳೆ ಹರ್ಕಾ ಮಾಮನ ಜೊತೆ ನಾನೇ ಬರುತ್ತಿದ್ದೇನೆ. ಯಾನು ಮೇಲುಮನೆಯವಳ ಹತ್ತಿರ ಇರುತ್ತಾಳೆ. ತಾಕೊ ವಿಷಯ ಅವಳಿಗೆ ಹೇಳಿದೆ. ಅತ್ತು ಅತ್ತು, "ಅಪ್ಪಂಗೆ ತುಂಬಾ ನೋವಾಯ್ತಾ?" ಎಂದಳು. ಹೂಂ ಎಂದೆ.

ಕಚೇರಿಗೆ ನೀನೊಬ್ಬನೇ ಹೋಗುವುದು ಬೇಡ. ಗುಂಡು ಎಸೆದವಳು ನಾನು. ಅಣ್ಣನ ಬಾಯಿ ಮುಚ್ಚಿಸಿದವಳೂ ನಾನೇ. ಗಾರ್ಡ್‌ನ ಮುಂದೆ ಸುಳ್ಳು ಹೇಳುವಾಗ ನನ್ನ ದನಿ ಒಂದಿಷ್ಟೂ ನಡುಗಲಿಲ್ಲ. ನಿನ್ನನ್ನು ಜೈಲಿಗೆ ಕರೆದುಕೊಂಡು ಹೋದರೆ ಯಾನುಗೆ ಏನು ಹೇಳಲಿ, ಈ ಮನೆಯಲ್ಲಿ ಒಬ್ಬಳೇ ಹೇಗೆ ಇರಲಿ ಎಂದು ನಿದ್ದೆ ಇಲ್ಲ. ಆದರೂ ಬರುತ್ತೇನೆ.

ನಾನೇ ಬರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ನಿನ್ನೆದುರು ಕೂತಾಗ ಇವನ್ನೆಲ್ಲ ಬಾಯಿಬಿಟ್ಟು ಹೇಳಬೇಕೆಂದಿದ್ದೇನೆ. ಹೇಳಲು ಧೈರ್ಯ ಸಾಲದಿದ್ದರೆ ಸುಮ್ಮನೆ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ನಾನು ಪಕ್ಕದಲ್ಲಿ ಕೂತಿರುವಾಗಲೇ ಓದು.

ಯಾಪಿ